ಮೊಮ್ಮಕ್ಕಳ ಕಾಲದ ಕೋಲಾರ ಸೀಮೆ

ಮುಂದೆ ಬರಲಿರುವ ಕಾಲವನ್ನು ಇಂದೇ ಕಾಣಬೇಕೆಂಬ ಹಂಬಲವು ಮನುಷ್ಯನಿಗೆ ಹೊಸದಲ್ಲ. ಕೋಲಾರ ಸೀಮೆಗಂತೂ ಅದು ತೀರ ಪರಿಚಿತವಾದುದು. ಬಹುಕಾಲ ಈ ಜಿಲ್ಲೆಗೇ ಸೇರಿದ್ದ ಕೈವಾರದ ನಾರೇಯಣ ತಾತಯ್ಯನವರ ಹೆಸರಿನಲ್ಲಿಯೂ, ತೆಲುಗು ನಾಡಿನ ಪೋತುಲೂರಿ ವೀರಬ್ರಹ್ಮೇಂದ್ರರ ಹೆಸರಿನಲ್ಲಿಯೂ ಪ್ರಚಲಿತವಾಗಿರುವ ಕಾಲಜ್ಞಾನದ ಮಾತುಗಳನ್ನು ಈ ಕಡೆಯ ಹಿರಿಯರು ಇಂದಿಗೂ ಸಂದರ್ಭಕ್ಕೊದಗುವಂತೆ ಉದಾಹರಿಸುವುದುಂಟು. ಆ ಮಾತುಗಳು ಹೊರಟದ್ದು ಜನರನ್ನು ಎಚ್ಚರಿಸುವುದಕ್ಕಾಗಿ. ಲೆಕ್ಕಕ್ಕೂ ಅವಕ್ಕೂ ಸಂಬಂಧವಿಲ್ಲ. ಜನಗಣತಿಯ ಅಂಕಿಗಳನ್ನೂ ಮಳೆಬೆಳೆಯ ದಾಖಲೆಗಳನ್ನೂ ಮುಂದಿಟ್ಟುಕೊಂಡು, ಐವತ್ತು ನೂರು ವರ್ಷಗಳಾಚೆಗೆ ಒಂದು ರಾಷ್ಟ್ರದ ಸಮಾಜವು ಯಾವ ರೂಪವನ್ನು ತಳೆದೀತೆಂದು ಊಹಿಸುವ ಬೇರೊಂದು ವಿದ್ಯೆಯು ಕಳೆದ ಶತಮಾನದಲ್ಲಿ ಬೆಳೆದುಬಂದಿದೆ. ಆ ವಿದ್ಯೆ ಎಲ್ಲಿ ಎಡವುತ್ತದೆ, ಎಲ್ಲಿ ನಂಬಿಕೆಗೆ ಅರ್ಹವಾಗುತ್ತದೆ ಎಂಬುದನ್ನು ಪರೀಕ್ಷಿಸಲು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನೆಲಕ್ಕಿಂತ ಯೋಗ್ಯವಾದುದು ನನಗೆ ತೋರದು.

1902ರಲ್ಲಿ, ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ನೂರನಲವತ್ತು ಕಿಲೋಮೀಟರಿಗೂ ಮಿಕ್ಕ ದೂರವನ್ನು ತಂತಿಯ ಮೇಲೆ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳಿಗೆ ತಲುಪಿದಾಗ, ಈ ಸೀಮೆಯ ಭವಿಷ್ಯವೇನೆಂದು ಯಾರನ್ನಾದರೂ ಕೇಳಿದ್ದರೆ ಏನು ಉತ್ತರ ಬರುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೈಸೂರು ಸಂಸ್ಥಾನದ ದೊಡ್ಡ ಪಟ್ಟಣಗಳೇ ಇನ್ನೂ ಎಣ್ಣೆದೀಪದ ಬೆಳಕಿನಲ್ಲಿದ್ದ ಆ ದಿನಗಳಲ್ಲಿ, ಭೂಮಿಯ ಗರ್ಭದಲ್ಲಿ ಯಂತ್ರಗಳು ತಿರುಗುತ್ತಿದ್ದ ಆ ಊರು ದೇಶದ ನಾಳೆಯಾಗಿಯೇ ಕಾಣಿಸಿರಬೇಕು. ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಚಿನ್ನದ ಅಂಶವು ಕ್ಷೀಣಿಸಿ, ಅದನ್ನು ಮೇಲಕ್ಕೆತ್ತುವ ವೆಚ್ಚವು ಅದರ ಬೆಲೆಯನ್ನೂ ಮೀರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಗಣಿಗಾರರ ಮಕ್ಕಳು ಇಂದು ಮುಂಜಾನೆಯ ರೈಲನ್ನೇರಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ಅದೇ ವೇಳೆಗೆ, ಯಾರ ಊಹೆಯಲ್ಲಿಯೂ ಇಲ್ಲದಿದ್ದ ಟೊಮೆಟೊ ಎಂಬ ಪರದೇಶದ ಹಣ್ಣು ಕೋಲಾರದ ಎಪಿಎಂಸಿ ಪ್ರಾಂಗಣವನ್ನು ದೇಶದ ಅತಿ ದೊಡ್ಡ ಟೊಮೆಟೊ ಮಂಡಿಗಳಲ್ಲೊಂದನ್ನಾಗಿ ಮಾಡಿತು. ಕಣ್ಣಿಗೆ ಪ್ರಜ್ವಲಿಸುವುದೊಂದನ್ನೇ ಹಿಡಿದು ಅದನ್ನು ನೇರಗೆರೆಯಂತೆ ಮುಂದಕ್ಕೆಳೆಯುವುದು ಭವಿಷ್ಯವನ್ನು ಹೇಳುವವರ ಮೊದಲ ತಪ್ಪು.

ಈ ತಪ್ಪನ್ನು ಜಗತ್ತಿನ ದೊಡ್ಡ ದೊಡ್ಡ ಪಂಡಿತರೂ ಮಾಡಿದ್ದಾರೆ. 1967ರಲ್ಲಿ ಅಮೆರಿಕದ ಪ್ಯಾಡಕ್ ಸಹೋದರರು, ಮರುವರ್ಷವೇ ಪಾಲ್ ಎರ್ಲಿಕ್, ಭಾರತದ ಜನಸಂಖ್ಯೆಯ ಏರಿಕೆಯನ್ನು ಕಂಡು, ಎಪ್ಪತ್ತರ ದಶಕದಲ್ಲಿ ಘೋರವಾದ ಕ್ಷಾಮವು ಅನಿವಾರ್ಯವೆಂದು ಗ್ರಂಥಗಳನ್ನೇ ಬರೆದರು. ಅವರು ಹೇಳಿದಂತಹ ಕ್ಷಾಮವು ಬರಲಿಲ್ಲ. ಹೊಸ ತಳಿಗಳ ಗೋಧಿ ಬತ್ತಗಳು ಬಂದವು, ತಾಯಂದಿರು ಹೆರುವ ಮಕ್ಕಳ ಸಂಖ್ಯೆಯೂ ಮೆಲ್ಲಮೆಲ್ಲನೆ ಇಳಿಯಿತು. ಇದಕ್ಕೆ ಮೂರು ದಶಕಗಳಷ್ಟು ಮುಂಚೆಯೇ, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಬೇರೆ ಬಗೆಯ ಮುನ್ನೋಟವನ್ನು ದೇಶದ ಮುಂದಿರಿಸಿದ್ದರು. 1934ರಲ್ಲಿ ಪ್ರಕಟವಾದ, ಭಾರತಕ್ಕೆ ಯೋಜಿತವಾದ ಅರ್ಥವ್ಯವಸ್ಥೆಯನ್ನು ಸೂಚಿಸುವ ತಮ್ಮ ಗ್ರಂಥದಲ್ಲಿ, ಹತ್ತು ವರ್ಷಗಳಲ್ಲಿ ರಾಷ್ಟ್ರದ ವರಮಾನವನ್ನು ದ್ವಿಗುಣಗೊಳಿಸಬೇಕೆಂದೂ, ಜನರು ಕೃಷಿಯೊಂದನ್ನೇ ನೆಚ್ಚದೆ ಕೈಗಾರಿಕೆಯತ್ತ ತಿರುಗಬೇಕೆಂದೂ ಅವರು ವಾದಿಸಿದರು. ಏನಾಗುತ್ತದೆ ಎಂಬುದಕ್ಕಿಂತ ಏನನ್ನು ಆಗಮಾಡಬೇಕು ಎಂಬುದರ ಕಡೆಗೆ ಆ ಮಹನೀಯರ ದೃಷ್ಟಿಯಿದ್ದುದರಿಂದ, ಆ ಅವಧಿಯ ಗಣನೆ ಫಲಿಸದೆ ಹೋದರೂ ದಿಕ್ಕು ಸರಿಯಾಗಿತ್ತು. ಈಗ ಕೋಲಾರದ ನರಸಾಪುರದಲ್ಲಿ ದ್ವಿಚಕ್ರ ವಾಹನಗಳೂ ಮೊಬೈಲ್ ಫೋನುಗಳೂ ತಯಾರಾಗುತ್ತಿರುವುದು ಅದೇ ದಿಕ್ಕಿನ ಮುಂದುವರಿಕೆ. ಆದರೆ ಆ ಗ್ರಂಥ ಹೊರಬಂದ ಕಾಲದಲ್ಲಿ ಭಾರತೀಯನ ಸರಾಸರಿ ಆಯುಷ್ಯವು ಮೂವತ್ತು ವರ್ಷದ ಆಸುಪಾಸಿನಲ್ಲಷ್ಟೇ ಇತ್ತು. ಅದು ಎಪ್ಪತ್ತರ ಹತ್ತಿರ ಬಂದೀತೆಂದೂ, ಬಂದಮೇಲೆ ಮನೆಗಳ ಒಳಗಣ ಬಾಳೇ ಬೇರೆಯಾದೀತೆಂದೂ ಅಂದು ಎಷ್ಟು ಮಂದಿಗೆ ತೋಚಿದ್ದೀತು?

ಹಾಗಾದರೆ ದೂರದ ಕಾಲದ ಬಗ್ಗೆ ಧೈರ್ಯವಾಗಿ ಹೇಳಬಹುದಾದುದು ಏನೂ ಇಲ್ಲವೆ? ಉಂಟು. 2085ರಲ್ಲಿ ಅರವತ್ತು ತುಂಬಲಿರುವವರು ಈಗಾಗಲೇ ಹುಟ್ಟಿಯಾಗಿದೆ. ಅವರ ಸಂಖ್ಯೆಯನ್ನು ಹೆಚ್ಚಿಸಲು ಇನ್ನು ಯಾರಿಂದಲೂ ಆಗದು. ನಿಧಾನವಾಗಿ ಚಲಿಸುವ, ಒಮ್ಮೆ ಚಲಿಸಿದರೆ ಹಿಂದಿರುಗದ ಇಂಥ ಸಂಗತಿಗಳಲ್ಲಿಯೇ ಭವಿಷ್ಯದ ಹೆಜ್ಜೆಗುರುತನ್ನು ಹುಡುಕಬೇಕು. ಒಬ್ಬ ಸ್ತ್ರೀಗೆ ಸರಾಸರಿ 2.1 ಮಕ್ಕಳಾದರೆ ಒಂದು ತಲೆಮಾರಿನ ಸ್ಥಾನವನ್ನು ಮುಂದಿನ ತಲೆಮಾರು ಸರಿಯಾಗಿ ತುಂಬುತ್ತದೆಂದು ಜನಸಂಖ್ಯಾಶಾಸ್ತ್ರಜ್ಞರ ಎಣಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಸಂಖ್ಯೆ 2.0ಕ್ಕೂ ಕರ್ನಾಟಕದ ಸಂಖ್ಯೆ 1.7ಕ್ಕೂ ಇಳಿದಿತ್ತು. ದೇಶದ ಜನಸಂಖ್ಯೆಯು 2060ರ ದಶಕದಲ್ಲಿ ಸುಮಾರು 170 ಕೋಟಿಯನ್ನು ಮುಟ್ಟಿ, ಅಲ್ಲಿಂದ ಇಳಿಮುಖವಾದೀತೆಂದು ವಿಶ್ವಸಂಸ್ಥೆಯ ಅಂದಾಜು. ದಕ್ಷಿಣದ ನಾಡುಗಳಲ್ಲಿ ಆ ಇಳಿತವು ಇನ್ನೂ ಬೇಗ ಬರಲಿದೆ.

ಈ 1.7 ಎಂಬುದು ಮನೆಯೊಳಕ್ಕೆ ಬಂದಾಗ ಏನಾಗುತ್ತದೆಂಬುದನ್ನು ಸ್ವಲ್ಪ ಸಾವಧಾನವಾಗಿ ಆಲೋಚಿಸಬೇಕು. ನಮ್ಮ ಸೀಮೆಯಲ್ಲಿ ಮಗುವಿಗೆ ಕಿವಿ ಚುಚ್ಚಿಸುವಾಗ ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವ. ಮದುವೆಯ ದಿನ ಹೆಣ್ಣನ್ನು ಹಸೆಮಣೆಗೆ ಕರೆತರಬೇಕಾದವನೂ ಅವನೇ. ಅಕ್ಕನ ಮಗಳನ್ನೋ ಅತ್ತೆಯ ಮಗನನ್ನೋ ತಂದುಕೊಳ್ಳುವ ಪದ್ಧತಿಯಿಂದ ಹೊಲವೂ ಹೆಣ್ಣೂ ಬಳಗದೊಳಗೇ ಉಳಿಯುತ್ತಿದ್ದವು. ಒಬ್ಬಳೇ ಮಗಳಿರುವ ಮನೆಯಲ್ಲಿ ಹುಟ್ಟುವ ಮೊಮ್ಮಗುವಿಗೆ ಸೋದರಮಾವನೆಂಬವನು ಇರುವುದೇ ಇಲ್ಲ. ಒಬ್ಬನೇ ಮಗನಿರುವ ಮನೆಯ ಮಗುವಿಗೆ ದೊಡ್ಡಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ, ಸೋದರತ್ತೆಯೂ ಇಲ್ಲ. ಎರಡು ತಲೆಮಾರು ಹೀಗೆಯೇ ನಡೆದರೆ, ಯಾವ ಸುಧಾರಕನ ಉಪದೇಶವೂ ಯಾವ ಶಾಸನವೂ ಇಲ್ಲದೆ, ಸೋದರಸಂಬಂಧದ ವಿವಾಹವು ವರನೇ ಸಿಗದ ಕಾರಣದಿಂದ ತಾನಾಗಿ ಕ್ಷಯಿಸುತ್ತದೆ. ಬಳಗದ ಹೊರಗೆ ಹೋಗಲೇಬೇಕಾದ ಆ ಕಾಲದ ತರುಣ ತರುಣಿಯರು ಜಾತಿಯ ಹೊರಗೂ ಹೋಗುವರೋ, ಅಥವಾ ಜಾತಿಯ ವಿಶಾಲವಾದ ಜಾಲದಲ್ಲಿ ದೂರದ ಊರುಗಳಿಂದ ಸಂಬಂಧವನ್ನು ಹುಡುಕಿ ತರುವರೋ ಎಂಬುದನ್ನು ಮಾತ್ರ ಅಂಕಿಗಳು ಹೇಳಲಾರವು.

ಭೂಮಿಯ ವಿಷಯವೂ ಹೀಗೆಯೇ ತಿರುಗಿಕೊಳ್ಳಬಹುದು. ಅಣ್ಣತಮ್ಮಂದಿರ ಪಾಲಿನಿಂದ ಹೊಲಗಳು ಚೂರುಚೂರಾಗುತ್ತವೆಂಬುದು ನೂರು ವರ್ಷಗಳಿಂದ ಕೇಳಿಬಂದ ಕೊರಗು. ಪಾಲುಗಾರರೇ ವಿರಳವಾದ ಮೇಲೆ, ತಂದೆಯ ಕಡೆಯ ಎರಡೆಕರೆಯೂ ತಾಯಿಯ ಕಡೆಯ ಎರಡೆಕರೆಯೂ ಒಬ್ಬನ ಅಥವಾ ಒಬ್ಬಳ ಹೆಸರಿಗೆ ಬಂದು ಸೇರುವ ಸಂಭವವುಂಟು. ಆದರೆ ಆ ಒಬ್ಬರು ಬೆಂಗಳೂರಿನಲ್ಲಿಯೋ ಇನ್ನೆಲ್ಲಿಯೋ ಇರುತ್ತಾರೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಇದರ ಮುನ್ಸೂಚನೆಯನ್ನು ಈಗಲೇ ಕಾಣಬಹುದು: ರಾಗಿಯ ಹೊಲ ಬೇಡುವಷ್ಟು ಕೈಗಳನ್ನು ಮಾವು ಬೇಡುವುದಿಲ್ಲ; ಹೂ ಬಿಟ್ಟ ಕಾಲಕ್ಕೇ ಫಸಲನ್ನು ವ್ಯಾಪಾರಿಗೆ ವಹಿಸಿ ಯಜಮಾನನು ದೂರ ಉಳಿಯಬಹುದು. ಹಾಗೆ ದೂರ ಉಳಿದವನು ಪರಾಧೀನನೂ ಆಗುತ್ತಾನೆ. 2025ರಲ್ಲಿ ನೆರೆಯ ಚಿತ್ತೂರು ಜಿಲ್ಲೆಯವರು ಕರ್ನಾಟಕದ ತೋತಾಪುರಿ ಹಣ್ಣು ತಮ್ಮಲ್ಲಿಗೆ ಬಾರದಂತೆ ತಡೆದಾಗ, ಅಲ್ಲಿನ ತಿರುಳಿನ ಕಾರ್ಖಾನೆಗಳನ್ನೇ ನೆಚ್ಚಿದ್ದ ಈ ತಾಲ್ಲೂಕಿನ ಬೆಳೆಗಾರರ ಗತಿಯೇನಾಯಿತೆಂಬುದು ಎಲ್ಲರೂ ಕಂಡದ್ದೇ.

ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿಯೂ ಹೆದ್ದಾರಿಯ ಬದಿಯ ಕಾರ್ಖಾನೆಗಳಲ್ಲಿಯೂ ಇಂದು ದೇಶದ ಉತ್ತರ ಹಾಗೂ ಪೂರ್ವ ಭಾಗಗಳಿಂದ ಬಂದವರು ದುಡಿಯುತ್ತಿದ್ದಾರೆ. ಮಕ್ಕಳು ಕಡಮೆಯಾದ ನಾಡಿಗೆ ಮಕ್ಕಳು ಹೆಚ್ಚಿರುವ ನಾಡಿನಿಂದ ಜನರು ಬರುವುದು ಪ್ರಪಂಚದ ಅನೇಕ ಕಡೆಗಳಲ್ಲಿ ನಡೆದಿರುವ ಕ್ರಮ. ಅವರ ಮಕ್ಕಳು ಯಾವ ಭಾಷೆಯಲ್ಲಿ ಕತೆ ಕೇಳುವರು? ಇದಕ್ಕೆ ಉತ್ತರವನ್ನು ಭಯದಿಂದ ಹುಡುಕಬೇಕಾಗಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಿಯ ಊರಿನಲ್ಲಿ ತಮಿಳು, ಪೇಟೆಯಲ್ಲಿ ಉರ್ದು ಎಂಬ ಸ್ಥಿತಿಯೇ ಈ ಸೀಮೆಗೆ ಸಹಜವಾದುದು. 1891ರಲ್ಲಿ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ, ತಮಿಳು ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಶಿಶುವೊಂದು ಕನ್ನಡದ ಸಣ್ಣಕತೆಗೆ ಅಡಿಪಾಯ ಹಾಕಿದ ಮಾಸ್ತಿಯವರಾಗಿ ಬೆಳೆದೀತೆಂದು ಯಾವ ಭಾಷಾಗಣತಿಯೂ ಹೇಳುವಂತಿರಲಿಲ್ಲ. ಅವರನ್ನು ಕನ್ನಡಿಗರನ್ನಾಗಿ ಮಾಡಿದುದರಲ್ಲಿ ಶಾಲೆಗೂ ಸ್ನೇಹಕ್ಕೂ ದೊಡ್ಡ ಪಾಲುಂಟು. ಗೂಡುಗಳ ಪಕ್ಕದ ಗುಡಿಸಲಿನ ಮಗುವಿಗೆ ಒಳ್ಳೆಯ ಕನ್ನಡ ಶಾಲೆಯೊಂದು ದೊರೆಯುವುದೋ ಇಲ್ಲವೋ ಎಂಬುದರ ಮೇಲೆ ಈ ಸೀಮೆಯ 2100ರ ಭಾಷೆಯು ಬಹುಮಟ್ಟಿಗೆ ನಿಂತಿದೆ.

ಇನ್ನು ನೀರು. ನಿತ್ಯವಾಗಿ ಹರಿಯುವ ನದಿಯೊಂದಿಲ್ಲದ ಈ ನೆಲದಲ್ಲಿ ಪೂರ್ವಿಕರು ಸಾವಿರಾರು ಕೆರೆಗಳನ್ನು ಕಟ್ಟಿದರು. ತೂಬನ್ನು ತೆರೆಯುವ ಅಧಿಕಾರವನ್ನು ನೀರುಗಂಟಿಗೆ ಕೊಟ್ಟು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬ ಕಟ್ಟಳೆಯನ್ನು ಮಾಡಿಕೊಂಡರು. ಕೊಳವೆಬಾವಿ ಬಂದಮೇಲೆ ನೀರು ಒಬ್ಬೊಬ್ಬನ ಸೊತ್ತಾಯಿತು. ಊರಿನ ಕಟ್ಟಳೆ ಸಡಿಲಿತು. ಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದವು. 2018ರ ಜೂನ್ ತಿಂಗಳಲ್ಲಿ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ತ್ಯಾಜ್ಯಜಲವು ಎರಡು ಹಂತಗಳಲ್ಲಿ ಸಂಸ್ಕಾರಗೊಂಡು ಲಕ್ಷ್ಮೀಸಾಗರದ ಕೆರೆಯನ್ನು ಹೊಕ್ಕಿತು; ದಿನಕ್ಕೆ 44 ಕೋಟಿ ಲೀಟರಿನಂತೆ ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬುವುದು ಆ ಯೋಜನೆಯ ಗುರಿ. ಮಹಾನಗರದ ಬಚ್ಚಲಿನ ನೀರು ಪಾಲಾರ್ ನದಿಯ ನೆಲದ ಕೆರೆಗಳಿಗೆ ಜೀವಾಧಾರವಾದೀತೆಂಬುದನ್ನು ಯಾವ ಕಾಲಜ್ಞಾನಿಯೂ ಕಂಡಿರಲಿಲ್ಲ. ಬತ್ತಿದ ಬಾವಿಗಳಲ್ಲಿ ನೀರು ಮೇಲೆದ್ದಿತೆಂಬುದು ಸಂತೋಷದ ವಿಷಯ. ಆ ನೀರು ಮೂರನೆಯ ಹಂತದಲ್ಲಿಯೂ ಶುದ್ಧವಾಗಿ ಬರಬೇಕೆಂಬ ರೈತರ ಬೇಡಿಕೆ ಸಂಪೂರ್ಣವಾಗಿ ನ್ಯಾಯವಾದುದು. ಅಂತರ್ಜಲವನ್ನು ಹೊಕ್ಕ ಕಲ್ಮಷವನ್ನು ಹೊರತೆಗೆಯುವುದು ಮೊಮ್ಮಕ್ಕಳಿಗೂ ಸಾಧ್ಯವಾಗದ ಕೆಲಸ.

ಸಮಾಜದ ಬದಲಾವಣೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಮೌನವಾಗಿ ದಾಟಿಬಿಡುವ ವಿಷಯವೊಂದಿದೆ. ಕರ್ನಾಟಕದ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿಯವರ ಪ್ರಮಾಣವು ಅತ್ಯಧಿಕವಾಗಿರುವುದು ಕೋಲಾರದಲ್ಲಿ. 2011ರ ಜನಗಣತಿಯಂತೆ ಜನರಲ್ಲಿ ನೂರಕ್ಕೆ ಮೂವತ್ತು ಮಂದಿ ಅವರೇ. ಕಾರ್ಖಾನೆ ಬಂದರೆ, ಶಿಕ್ಷಣ ಬಂದರೆ, ಜಾತಿಯ ಕ್ರೌರ್ಯವು ತಾನೇ ಕರಗುತ್ತದೆಂದು ನಂಬಿದವರ ಸಾಲು ದೊಡ್ಡದು. 2000ದಲ್ಲಿ, ಅಂದು ಈ ಜಿಲ್ಲೆಯಲ್ಲಿಯೇ ಇದ್ದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ದಹಿಸಿದರು. 2022ರಲ್ಲಿ, ಮೊಬೈಲ್ ಫೋನುಗಳನ್ನು ತಯಾರಿಸುವ ಕಾರ್ಖಾನೆಯಿರುವ ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ, ದೇವರ ಉತ್ಸವದ ಕೋಲನ್ನು ಮುಟ್ಟಿದನೆಂದು ದಲಿತ ಬಾಲಕನೊಬ್ಬನ ಮನೆಯವರಿಗೆ ದಂಡ ವಿಧಿಸಿದರು. ಯಂತ್ರವು ವರ್ಷದೊಳಗೆ ಹಳತಾಗುತ್ತದೆ, ಹೊಲವು ತಲೆಮಾರಿನೊಳಗೆ ಕೈಬದಲಾಗುತ್ತದೆ. ಈ ಪಾಪವು ಮಾತ್ರ ಯಾವ ಎಣಿಕೆಗೂ ಅಧೀನವಾಗದೆ, ಅದನ್ನು ಬಿಡಿಸಲೇಬೇಕೆಂದು ಜನರು ಹೊರಟಲ್ಲಿ ಸಡಿಲಿ, ಹೊರಡದಲ್ಲಿ ಹಾಗೆಯೇ ಕುಳಿತಿರುತ್ತದೆ.

ಕಡೆಯದಾಗಿ, ಎಣಿಕೆಗೆ ಸಿಗುವ ಮುಪ್ಪಿನ ಮಾತು. ದೇಶದಲ್ಲಿ ಅರವತ್ತು ದಾಟಿದವರು 2011ರಲ್ಲಿ ನೂರಕ್ಕೆ ಒಂಬತ್ತು ಮಂದಿಗಿಂತ ಕಡಮೆಯಿದ್ದರು. 2050ರ ವೇಳೆಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆ. ಮುಳಬಾಗಿಲಿನ ಹಳ್ಳಿಯೊಂದರಲ್ಲಿ ಅಂದು ವೃದ್ಧೆಯೊಬ್ಬಳು ಕಾಯಿಲೆ ಬಿದ್ದರೆ, ಮಗನೋ ಮಗಳೋ ನಗರದಲ್ಲಿರುವಾಗ, ಸೊಸೆ ನಾದಿನಿಯರ ಬಳಗವೇ ಇಲ್ಲದಿರುವಾಗ, ಅವಳ ಮಂಚದ ಬಳಿ ನಿಲ್ಲಬೇಕಾದವಳು ಸಂಬಳದ ದಾದಿ. ಆಕೆ ಯಾವ ಜಾತಿಯವಳೂ ಯಾವ ಪ್ರಾಂತದವಳೂ ಆಗಿರಬಹುದು. ಆ ದಾದಿಯ ತರಬೇತಿ ಎಲ್ಲಿ, ಸಂಬಳ ಯಾರದು, ಹೋಬಳಿಗೊಂದಾದರೂ ವೃದ್ಧರ ಆರೈಕೆಯ ಕೇಂದ್ರವು ಏಳುವುದೋ ಇಲ್ಲವೋ ಎಂಬ ಪ್ರಶ್ನೆಗಳನ್ನು ತಾಲ್ಲೂಕಿನ ಆಡಳಿತವೂ ಗ್ರಾಮಪಂಚಾಯತಿಗಳೂ ಈ ದಶಕದಲ್ಲಿಯೇ ಎತ್ತಿಕೊಳ್ಳಬೇಕು; ಏಕೆಂದರೆ ಅಲ್ಲಿಂದ ಒಂದೆರಡು ದಶಕಗಳಾಚೆ ಆ ಮಂಚದ ಮೇಲೆ ಮಲಗಿರಬೇಕಾದವರು ಇಂದು ನರಸಾಪುರದ ಕಾರ್ಖಾನೆಯ ಬಸ್ಸಿಗಾಗಿ ಬೆಳಗಿನ ಪಾಳಿಯ ಹೊತ್ತಿಗೆ ಹೆದ್ದಾರಿಯ ಬದಿಯಲ್ಲಿ ಕಾಯುತ್ತಿರುವ ಯುವತಿಯರೇ.