ಕೊನೆಯಲ್ಲಿದ್ದ ಕಾರ್ಕಳ ಮೊದಲಿಗೆ ಹಾರಿತು!

ಉಡುಪಿ ಜಿಲ್ಲೆಯ ಎಲ್ಲೂರಿನಿಂದ ಹೊರಟು ಕಾಪು, ಉಡುಪಿ, ಮಣಿಪಾಲ ನೋಡಿಕೊಂಡು ಕೊನೆಗೆ ಸುತ್ತುಹಾಕಿ ಕಾರ್ಕಳಕ್ಕೆ ಹೋಗುತ್ತೀರಿ ಎಂದಿಟ್ಟುಕೊಳ್ಳಿ. ಅದೇ ಕ್ರಮದಲ್ಲಿ ಪಿನ್‌ಕೋಡ್ ಮತ್ತು ಊರನ್ನು ಜೋಡಿ ಜೋಡಿಯಾಗಿ ಜಾವಾಸ್ಕ್ರಿಪ್ಟ್‌ನ ಒಂದು ಅರೇಯಲ್ಲಿ ಬರೆಯಿರಿ: 574106 ಕಾಪು, 576101 ಉಡುಪಿ, 576104 ಮಣಿಪಾಲ, 574104 ಕಾರ್ಕಳ. ಈಗ ಬ್ರೌಸರ್‌ನ ಕನ್ಸೋಲ್‌ನಲ್ಲಿ ಅದನ್ನು ‘ಆಬ್ಜೆಕ್ಟ್ ಡಾಟ್ ಫ್ರಮ್‌ಎಂಟ್ರೀಸ್’ ಕೈಗೆ ಕೊಡಿ. 2019ರ ಆವೃತ್ತಿಯಲ್ಲಿ ಭಾಷೆಗೆ ಸೇರಿದ ಸವಲತ್ತು ಇದು. ಅದಕ್ಕೂ ಮುಂಚೆ ಇದೇ ಕೆಲಸಕ್ಕೆ ಸಾಮಾನ್ಯವಾಗಿ ಲೂಪ್ ಬರೆಯಬೇಕಿತ್ತು. ಒಂದೇ ಸಾಲು, ಅರೇ ಹೋಗಿ ಆಬ್ಜೆಕ್ಟ್ ಸಿದ್ಧ. ಅದರ ಕೀಗಳನ್ನು, ಅಂದರೆ ಪಿನ್‌ಕೋಡ್‌ಗಳನ್ನು, ಕೇಳಿ ನೋಡಿ.

574104, 574106, 576101, 576104. ಕಾರ್ಕಳ ಮೊದಲು! ಸಾರ್ಟ್ ಮಾಡು ಎಂದು ಯಾರೂ ಹೇಳಿಲ್ಲ. ಆದರೂ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿವೆ.

ಪಿನ್‌ಕೋಡ್ ಬದಲು ಎಸ್‌ಟಿಡಿ ಕೋಡ್ ಹಾಕಿದರೆ? ಕಾರ್ಕಳದ 08258 ಮೊದಲು, ಉಡುಪಿಯ 0820 ಆಮೇಲೆ, ಎರಡನ್ನೂ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಕ್ರಮ ಒಂದಿಷ್ಟೂ ಅಲುಗುವುದಿಲ್ಲ! ಮುಂದೆ ಒಂದು ಸೊನ್ನೆ ಇದ್ದದ್ದೇ ತಡ, ಅದು ಭಾಷೆಯ ಕಣ್ಣಿಗೆ ಅಂಕಿಯಲ್ಲ, ಬರೀ ಅಕ್ಷರಗಳ ಸಾಲು. ಅಕ್ಷರದ ಕೀಗಳು ಬಂದ ಕ್ರಮದಲ್ಲೇ ನಿಲ್ಲುತ್ತವೆ. ಇನ್ನೂ ಸೊಗಸು ಕೇಳಿ: ಪಿನ್‌ಕೋಡನ್ನೇ ಕನ್ನಡ ಅಂಕಿಯಲ್ಲಿ ೫೭೬೧೦೧ ಎಂದು ಉದ್ಧರಣ ಚಿಹ್ನೆಯೊಳಗೆ ಬರೆದರೂ ಅಷ್ಟೇ, ಇಟ್ಟಲ್ಲೇ ಇರುತ್ತದೆ.

ಇದೆಲ್ಲ ಯಾಕೆ ಹೀಗೆ? ಕಾರಣ ಇನ್ನೂ ಚಂದ. ಜಾವಾಸ್ಕ್ರಿಪ್ಟ್‌ನಲ್ಲಿ ಅರೇ ಅನ್ನುವುದೇ ಒಂದು ಆಬ್ಜೆಕ್ಟ್! ‘ಟೈಪ್‌ಆಫ್’ ಹಾಕಿ ಕೇಳಿ, ಅದೇ ಒಪ್ಪಿಕೊಳ್ಳುತ್ತದೆ. ಅರೇಯ 0, 1, 2 ಎಂಬ ಸ್ಥಾನಗಳೂ ಒಳಗೊಳಗೇ ಕೀಗಳು. ಅವು ಯಾವಾಗಲೂ ಏರಿಕೆಯಲ್ಲೇ ಸಿಗಬೇಕು. ಹಾಗಾಗಿ ಪೂರ್ಣಾಂಕದಂಥ ಕೀಗಳು ಮೊದಲು, ಏರಿಕೆಯಲ್ಲಿ; ಉಳಿದವು ಆಮೇಲೆ, ಸೇರಿದ ಕ್ರಮದಲ್ಲಿ ಎಂದು 2015ರ ನಿಯಮಾವಳಿ ಬರೆದಿಟ್ಟಿತು. ನಾವು ಅರೇಯನ್ನು ಬಿಟ್ಟು ಆಬ್ಜೆಕ್ಟ್‌ಗೆ ಬಂದೆವು ಎಂದುಕೊಂಡರೆ, ಅರೇಯ ಸ್ವಭಾವ ಅಲ್ಲಿ ಮೊದಲೇ ಮನೆಮಾಡಿತ್ತು!

ಸರ್ವರ್ ಬದಿಯ ಪಿಎಚ್‌ಪಿ ಭಾಷೆಯ ಗುಣವೇ ಬೇರೆ. ಅಲ್ಲಿ ಅದೇ ಪಿನ್‌ಕೋಡ್‌ಗಳನ್ನು ಕೀಗಳಾಗಿ ಇಟ್ಟ ಅರೇಯ ಮುಂದೆ ಆವರಣದೊಳಗೆ ‘ಆಬ್ಜೆಕ್ಟ್’ ಎಂದು ಬರೆದರೆ ಪರಿವರ್ತನೆ ಮುಗಿಯಿತು, ಕಾಪುವೇ ಮೊದಲು. ಅದನ್ನು ‘ಜೇಸನ್’ ಪಠ್ಯವಾಗಿ ಮಾಡಿ ಬ್ರೌಸರ್‌ಗೆ ಕಳಿಸಿ. ದಾರಿಯಲ್ಲಿ ಹೋಗುವ ಪಠ್ಯದಲ್ಲೂ ಕಾಪುವೇ ಮೊದಲು. ಬ್ರೌಸರ್ ಅದನ್ನು ಬಿಡಿಸಿ ಆಬ್ಜೆಕ್ಟ್ ಮಾಡಿದ ಕ್ಷಣ, ಕಾರ್ಕಳ ಮುಂದೆ ಬಂದಿರುತ್ತದೆ! ಪಯಣದ ಕ್ರಮವೇ ಮುಖ್ಯವಾದರೆ ಜೋಡಿಗಳನ್ನು ಅರೇಯಾಗಿಯೇ ಕಳಿಸಿ, ಬ್ರೌಸರ್ ಬದಿಯಲ್ಲಿ ‘ಮ್ಯಾಪ್’ಗೆ ತುಂಬಿ; ಅದು ಅಂಕಿ-ಅಕ್ಷರ ಎಂಬ ಭೇದ ಮಾಡದೆ ಕೊಟ್ಟ ಕ್ರಮವನ್ನೇ ಹಿಡಿದಿಡುತ್ತದೆ. ಪಿನ್ ಕೊಟ್ಟು ಊರು ಹುಡುಕುವುದಷ್ಟೇ ಬೇಕೆಂದರೆ ಆಬ್ಜೆಕ್ಟ್ ಧಾರಾಳ ಸಾಕು.