ಟಂಕಸಾಲೆಯ ತಪ್ಪು, ವರ್ತಕನ ಎಚ್ಚರ

ತುಮಕೂರಿನ ಕಿರಾಣಿ ಮಳಿಗೆಯಾಗಲಿ, ಗುಬ್ಬಿಯ ಹೋಟೆಲಾಗಲಿ, ಕುಣಿಗಲ್ಲಿನ ಬೀಡಾ ಅಂಗಡಿಯಾಗಲಿ, ಗಲ್ಲಾಪೆಟ್ಟಿಗೆಯ ಚಿಲ್ಲರೆಯಲ್ಲಿ ಅಪರೂಪಕ್ಕೊಮ್ಮೆ ವಿಚಿತ್ರ ನಾಣ್ಯವೊಂದು ಸಿಗುವುದುಂಟು. ಅದು ಟಂಕಸಾಲೆಯಲ್ಲಾದ ದೋಷವೋ, ಹೊರಗಿನವರ ಕೈಚಳಕವೋ ಎಂಬುದರ ಮೇಲೆಯೇ ಅದರ ಬೆಲೆ ನಿಂತಿದೆ.

ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಒಂದು ಮುಖದಲ್ಲಿ ಅದರ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ಮೂಡುತ್ತದೆ. ಬಿಲ್ಲೆ ಸರಿದಿದ್ದರೆ ಚಿತ್ರ ಅಂಚಿಗೆ ಜಾರುತ್ತದೆ. ಅಂಚು ತುಂಡಾದ ನಾಣ್ಯವನ್ನು ಹೆಚ್ಚು ಪರೀಕ್ಷಿಸಬೇಕು. 1992ರಲ್ಲಿ ಬಂದ ಉಕ್ಕಿನ ಒಂದು ರೂಪಾಯಿಯ ತೂಕ 4.85 ಗ್ರಾಂ. ಅರದಿಂದ ಉಜ್ಜಿದರೂ ತೂಕ ಇಳಿಯುತ್ತದೆ. ಆದರೆ ಟಂಕಸಾಲೆಯಲ್ಲೇ ತುಂಡಾಗಿದ್ದರೆ ಎದುರು ಬದಿಯ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಹುಣಸೆಹಣ್ಣು ಹಾಕಿ ತೊಳೆಯುವುದಂತೂ ಸಲ್ಲದು. ಹೊಳಪು ಬಂದಷ್ಟೂ ಬೆಲೆ ಇಳಿಯುತ್ತದೆ.

2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯೆಂಬ ವದಂತಿ ಹಬ್ಬಿತ್ತು. ಅದು ದೋಷನಾಣ್ಯವಲ್ಲ, ಚಲಾವಣೆಗೆಂದೇ ಹೊರಟ ಸ್ಮರಣ ನಾಣ್ಯ. ಇಂಥ ಆಸೆಯನ್ನೇ ಬಳಸಿ, ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕ, ತೆರಿಗೆ ಎಂದು ಮುಂಗಡ ಕೀಳುವವರಿದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲವೆಂದು ಆ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ.

ಮಾರುವವರು ಹೇಳುವ ಬೆಲೆಯನ್ನು ನಂಬದೆ, ಹರಾಜಿನಲ್ಲಿ ನಿಜವಾಗಿ ಬಿಕರಿಯಾದ ಬೆಲೆಯನ್ನು ನೋಡಬೇಕು. ಬೆಂಗಳೂರಿನ ಇಬ್ಬರು ನಾಣ್ಯ ವ್ಯಾಪಾರಿಗಳಿಗಾದರೂ ತೋರಿಸಿ, ಹರಾಜಿಗೆ ಕೊಡುವುದಾದರೆ ಕಮಿಷನ್ ಎಷ್ಟೆಂದು ಮೊದಲೇ ಕೇಳಿ, ರಸೀದಿ ಪಡೆಯುವುದು ಲೇಸು. ಕೊಬ್ಬರಿಯನ್ನು ಒಡೆದು ನೋಡದೆ ಧಾರಣೆ ಹೇಳದ ನಮ್ಮ ವರ್ತಕರಿಗೆ ಈ ವಿವೇಕ ಹೊಸದೇನಲ್ಲ.