ಸ್ಟೇರಿಂಗ್ ಗೇಣು ತಿರುಗಿದರೂ ಗಾಲಿ ಮಿಸುಕದು! ಹಳೆಯ ಜೀಪುಗಳ ಕಥೆ-ವ್ಯಥೆ

ಬೈಲಹೊಂಗಲ: ಊರ ಜಾತ್ರೆಯೇ ಇರಲಿ, ಮದುವೆ ದಿಬ್ಬಣವೇ ಇರಲಿ, ಚುನಾವಣೆಯ ಗದ್ದಲವೇ ಇರಲಿ, ಒಂದು ಕಾಲಕ್ಕೆ ಈ ಭಾಗದ ಜನರಿಗೆ ಮೊದಲು ನೆನಪಾಗುತ್ತಿದ್ದುದು ಜೀಪು. ಚಕ್ಕಡಿ ಸಹಿತ ಅಚ್ಚಿನತನಕ ಹೂತು ನಿಲ್ಲುವ ಎರೆ ಹೊಲದ ಕೆಸರಿನಲ್ಲಿ ನಾಲ್ಕೂ ಗಾಲಿಗೆ ಜೋರು ಹಾಕಿ ಎದ್ದು ಬರುತ್ತಿದ್ದ ಗಾಡಿ ಅದು. ಬಳಿಕ ಟ್ರ್ಯಾಕ್ಟರುಗಳು ಬಂದವು, ಕಾರುಗಳು ಬಂದವು. ಆದರೂ ಹಳೆಯ ಜೀಪನ್ನು ಕೊಡಲು ಮನಸ್ಸಾಗದೆ ದನದ ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಜೋಪಾನ ಮಾಡಿದ ಮನೆತನಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಇಂದಿಗೂ ಉಂಟು. ಅಪ್ಪಾರ ಕಾಲದ್ದು, ಹೆಂಗ ಮಾರೂದರಿ ಎಂಬುದು ಅವರ ಪ್ರಶ್ನೆ.

ಮಾರುವುದು ಬೇಡ. ಆದರೆ ಅದನ್ನು ರಸ್ತೆಗೆ ತರುವವರು ಒಂದು ಮಾತು ಯೋಚಿಸಬೇಕಾಗಿದೆ. ಹಳೆಯ ಜೀಪಿನ ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಸ್ಟೇರಿಂಗ್ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ. ತನಗೆ ಬೇಕಾದ ಕಡೆ ಹೋಗುತ್ತದೆ. ಬಣ್ಣಕ್ಕೆ, ಹುಡ್ಡಿಗೆ, ಅಗಲವಾದ ಟೈರಿಗೆ ಕೈಬಿಚ್ಚಿ ರೊಕ್ಕ ಸುರಿಯುವ ಯಜಮಾನರು ಇದೊಂದು ವಿಷಯದಲ್ಲಿ ಮಾತ್ರ 'ನಡದೈತಿ ನಡೀಲಿ' ಎನ್ನುವುದು ಏತಕ್ಕೋ ತಿಳಿಯದು.

ಯುದ್ಧದ ಕೂಸು

ಜೀಪು ಎರಡನೆಯ ಮಹಾಯುದ್ಧದ ಕೂಸು. 1941ರಿಂದ 1945ರ ಒಳಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳೆರಡೂ ಕೂಡಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಮಾಡಿ ದಂಡಿಗೆ ಕೊಟ್ಟವು. ಸುಮಾರು 11 ಕ್ವಿಂಟಲ್ ತೂಕ, 60 ಅಶ್ವಶಕ್ತಿಯ ಇಂಜಿನ್, 6.00-16 ಅಳತೆಯ ಕಿರಿದಾದ ಟೈರು. ನಮ್ಮ ದೇಶದಲ್ಲಿ ಮಹೀಂದ್ರಾದವರು 1947ರಲ್ಲಿ ಮುಂಬಯಿಯಲ್ಲಿ ಬಿಡಿಭಾಗ ತರಿಸಿ ಜೀಪು ಜೋಡಿಸತೊಡಗಿದರು. ಮುಂದೆ ಇಲ್ಲಿಯೇ ತಯಾರಾಗತೊಡಗಿದ ಎತ್ತರ ಮೂತಿಯ ಸಿ.ಜೆ.3ಬಿ ಮಾದರಿಯನ್ನೇ ನಮ್ಮ ಜನ ಇಂದಿಗೂ 'ಹಳೇ ಜೀಪು' ಎಂದು ಗುರುತಿಸುವುದು.

ಇದರ ಸ್ಟೇರಿಂಗ್ ಆ ಕಾಲಕ್ಕೆ ತಕ್ಕದ್ದೇ. ಕೈಯಲ್ಲಿ ಹಿಡಿಯುವ ಚಕ್ರದ ಕೆಳಗಿನ ದಂಡಿಗೆಯ ತುದಿಯಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ಸ್ಕ್ರೂ ತರಹ ಸುರುಳಿಯಾಗಿ ಕೊರೆದ ಗಾಡಿ. ಆ ಗಾಡಿಯಲ್ಲಿ ಜಾರಿಕೊಂಡು ಹೋಗುವ ಎರಡು ಮೊಳೆಗಳುಳ್ಳ ಒಂದು ತೋಳು. ರಾಸ್ ಕಂಪನಿಯ ಹೆಸರಿನ ಪೆಟ್ಟಿಗೆ ಅದು. ಚಕ್ರ ತಿರುವಿದರೆ ತೋಳು ಹೊರಳಿ ಡ್ರ್ಯಾಗ್ ಲಿಂಕ್ ಎಂಬ ಸಲಾಕೆಯನ್ನು ದೂಡುತ್ತದೆ. ವಿಲ್ಲೀಸ್ ಮಾದರಿಯಲ್ಲಿ ಆ ಸಲಾಕೆ ನೆಟ್ಟಗೆ ಗಾಲಿಗೆ ಹೋಗದೆ, ಗಾಡಿಯ ಮುಂಭಾಗದ ನಡುವೆ ಪಿನ್ನಿನ ಮೇಲೆ ತಿರುಗುವ 'ಬೆಲ್ ಕ್ರ್ಯಾಂಕ್' ಎಂಬ ತುಂಡಿಗೆ ಬರುತ್ತದೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಟೈರಾಡು.

ಈಗ ಎಣಿಸಿರಿ. ಪೆಟ್ಟಿಗೆ ಒಂದು, ಡ್ರ್ಯಾಗ್ ಲಿಂಕಿನ ಎರಡು ತುದಿ, ಬೆಲ್ ಕ್ರ್ಯಾಂಕಿನ ಪಿನ್ನು, ಟೈರಾಡುಗಳ ನಾಲ್ಕು ತುದಿ, ಎರಡು ಕಡೆಯ ಕಿಂಗ್‌ಪಿನ್ ಬೇರಿಂಗು. ಒಂದೊಂದರಲ್ಲಿ ಕೂದಲೆಳೆಯಷ್ಟು ಸವೆತ ಬಂದರೂ ಎಲ್ಲ ಕೂಡಿ ಚಕ್ರದ ಹತ್ತಿರ ಗೇಣುದ್ದ ಸಡಿಲಾಗಿ ಕಾಣುತ್ತದೆ. ಡ್ರೈವರನು ಚಕ್ರವನ್ನು ಆ ಕಡೆ ಈ ಕಡೆ ಜೋಲಿ ಹೊಡೆಸುತ್ತ, ಗಾಡಿಯನ್ನು ರಸ್ತೆಯ ಮೇಲೆ ಇಟ್ಟುಕೊಳ್ಳುವುದೇ ಒಂದು ಕಸರತ್ತು.

ಈ ಸಡಿಲಿಗೆ ಕಾನೂನಿನಲ್ಲಿ ಅಳತೆ ಉಂಟೆಂದರೆ ಬಹಳ ಜನಕ್ಕೆ ಆಶ್ಚರ್ಯವಾದೀತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದಂತೆ ಸ್ಟೇರಿಂಗ್ ಚಕ್ರದ ಸಡಿಲು 30 ಡಿಗ್ರಿ ಮೀರಕೂಡದು. ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು. ಬೋಲ್ಟು, ಪಿನ್ನುಗಳು ಕಳಚದ ಹಾಗೆ ಲಾಕ್ ಆಗಿರಬೇಕು. 30 ಡಿಗ್ರಿ ಎಂದರೆ ಗಡಿಯಾರದಲ್ಲಿ 12ರಿಂದ 1ರ ತನಕದ ಅಂತರ. 17 ಇಂಚಿನ ಚಕ್ರದ ಅಂಚಿನಲ್ಲಿ ಅಳೆದರೆ ಸುಮಾರು ನಾಲ್ಕೂವರೆ ಇಂಚು. ಗೇಣಿನ ಅರ್ಧ. ತಮ್ಮ ಜೀಪು ಈ ಲೆಕ್ಕದಲ್ಲಿ ಪಾಸೋ ನಾಪಾಸೋ ಎಂಬುದನ್ನು ಯಜಮಾನರು ಟೇಪು ಹಿಡಿದು ತಾವೇ ನೋಡಿಕೊಳ್ಳಬಹುದು. ಪುಕ್ಕಟೆ ಕೆಲಸ.

ಮೊದಲು ಜಾಕ್, ಆಮೇಲೆ ಬಾಕ್ಸ್

ಗ್ಯಾರೇಜುಗಳಲ್ಲಿ ನಡೆಯುವ ಮಾತು ಹೆಚ್ಚು ಕಡಿಮೆ ಹೀಗೆ:

"ಮಿಸ್ತ್ರಿ, ಹೊಸಾ ಗಾಡೀದ ಬಾಕ್ಸ್ ತಂದು ಹಾಕಿ ಬಿಡ್ರಿ. ಪವರ್ ಸ್ಟೇರಿಂಗ್ ಆಗ್ಲಿ."

"ಹಾಕೂದೇನ ಹಾಕತೀನ್ರಿ ಸಾವಕಾರ್ರ. ಮೊದಲ ಜಾಕ್ ಏರಿಸಿ ನೋಡೂಣು ತಡೀರಿ."

ಈ ಎರಡನೆಯ ಮಾತನ್ನು ಆಡುವ ಮಿಸ್ತ್ರಿ ಸಿಕ್ಕರೆ ಯಜಮಾನರು ಪುಣ್ಯವಂತರು. ಏಕೆಂದರೆ ಕಾಯಿಲೆ ಪೆಟ್ಟಿಗೆಯಲ್ಲಿಯೇ ಇರಬೇಕೆಂದೇನೂ ಇಲ್ಲ. ಮುಂದಿನ ಗಾಲಿ ಎತ್ತಿ, ಒಬ್ಬ ಚಕ್ರ ಹಿಡಿದು ಕೂತು, ಇನ್ನೊಬ್ಬ ಗಾಲಿಯನ್ನು ಮೇಲೆ ಕೆಳಗೆ ಜಗ್ಗಿದರೆ ಕಿಂಗ್‌ಪಿನ್ನಿನ ಅಥವಾ ಗಾಲಿ ಬೇರಿಂಗಿನ ಸಡಿಲು ಗೊತ್ತಾಗುತ್ತದೆ. ಅಡ್ಡಡ್ಡ ಜಗ್ಗಿದರೆ ಟೈರಾಡಿನ ತುದಿಗಳ ಬಂಡವಾಳ ಬಯಲಿಗೆ. ಪೆಟ್ಟಿಗೆಯನ್ನು ಚೆಸ್ಸಿಗೆ ಹಿಡಿದ ಬೋಲ್ಟುಗಳೇ ಸಡಿಲಾಗಿ ಪೆಟ್ಟಿಗೆ ಕುಣಿಯುವುದೂ ಉಂಟು. ಪಾಟಾ ಸ್ಪ್ರಿಂಗಿನ ಬುಷ್ ಸವೆದು ಇಡೀ ಅಚ್ಚೇ ಅತ್ತಿತ್ತ ಸರಿಯುವುದೂ ಉಂಟು. ಇವಿಷ್ಟನ್ನೂ ಹೊಸದು ಹಾಕಿದ ಬಳಿಕ, ಇದ್ದ ಹಳೆ ಪೆಟ್ಟಿಗೆಯೇ ಸಾಕು ಎನಿಸುವ ಜೀಪುಗಳು ಕಡಿಮೆಯಲ್ಲ. ಕಿರಿದಾದ ಟೈರಿರುವ ಜೀಪಿನ ಸ್ಟೇರಿಂಗ್ ನೆಟ್ಟಗಿದ್ದರೆ ಅಷ್ಟೇನೂ ಭಾರವಲ್ಲ.

ಭಾರವಾಗುವುದು ಯಾವಾಗ? ತರುಣರು ಸ್ಪ್ರಿಂಗಿನ ಶ್ಯಾಕಲ್ ಉದ್ದ ಮಾಡಿ ಗಾಡಿಯನ್ನು ಎತ್ತರಿಸಿ, ಅಗಲ ಟೈರು ತುರುಕಿದಾಗ. ಸೈಕಲ್ಲಿನ ಮುಂದಿನ ಫೋರ್ಕು ಹೇಗೆ ಹಿಂದಕ್ಕೆ ವಾಲಿರುತ್ತದೋ ಹಾಗೆ ಜೀಪಿನ ಕಿಂಗ್‌ಪಿನ್ನೂ ತುಸು ಹಿಂದಕ್ಕೆ ವಾಲಿರಬೇಕು. ಕೈ ಬಿಟ್ಟರೂ ಗಾಲಿ ನೆಟ್ಟಗಾಗಲು ಅದೇ ಕಾರಣ. ಶ್ಯಾಕಲ್ ಉದ್ದವಾದರೆ ಈ ವಾಲು ಕೆಡುತ್ತದೆ. ಆಗ ವೇಗದಲ್ಲಿ ಒಂದು ತಗ್ಗು ಬಡಿದರೆ ಸಾಕು, ಮುಂದಿನ ಗಾಲಿಗಳೆರಡೂ ದೆವ್ವ ಹಿಡಿದಂತೆ ಗಡಗಡ ನಡುಗತೊಡಗುತ್ತವೆ. ಕಿತ್ತೂರಿನ ಪಕ್ಕದ ಹೆದ್ದಾರಿಯಲ್ಲಿ ಹಿಂದೆ ಲಾರಿ, ಮುಂದೆ ಬಸ್ಸು ಇರುವಾಗ ಇದಾದರೆ ಗತಿಯೇನು?

ಹಳೆ ಪೆಟ್ಟಿಗೆಯದೇ ತಪ್ಪೆಂದು ಖಾತ್ರಿಯಾದಾಗಲೂ ಒಂದು ಮೋಸವಿದೆ. ಗಾಡಿ ಹೆಚ್ಚು ಹೊತ್ತು ನೆಟ್ಟಗೆ ಓಡುವುದರಿಂದ ಸುರುಳಿಗಾಡಿ ನಡುವೆ ಮಾತ್ರ ಹೆಚ್ಚು ಸವೆಯುತ್ತದೆ. ಅಡ್ಜಸ್ಟ್ ಸ್ಕ್ರೂ ಬಿಗಿದು ನಡುವಿನ ಸಡಿಲು ಹೋಗಲಾಡಿಸಿದರೆ, ಸವೆಯದ ಎರಡೂ ಕಡೆಗಳಲ್ಲಿ ಚಕ್ರ ಹಿಡಿದುಕೊಳ್ಳುತ್ತದೆ. ಯಲ್ಲಮ್ಮನ ಗುಡ್ಡದ ತಿರುವಿನಲ್ಲಿ ಪೂರ್ತಿ ತಿರುವಿದ ಚಕ್ರ ವಾಪಸು ಬರದಿದ್ದರೆ ತಾಯಿಯೇ ಕಾಯಬೇಕು. ಬಿಗಿದು ಕಳಿಸುವ ಮಿಸ್ತ್ರಿಗಿಂತ, ಪೆಟ್ಟಿಗೆ ಮುಗೀತರಿ ಎಂದು ಬಾಯಿಬಿಟ್ಟು ಹೇಳುವ ಮಿಸ್ತ್ರಿಯೇ ಮೇಲು.

ಬದಲಿಸುವುದೇ ಆದರೆ

ಹೊಸ ಕಾಲದ ಪೆಟ್ಟಿಗೆಗಳಲ್ಲಿ ಸ್ಕ್ರೂ ಮತ್ತು ನಟ್ಟಿನ ನಡುವೆ ಉಕ್ಕಿನ ಗುಂಡುಗಳು ಸಾಲಾಗಿ ಉರುಳುತ್ತಿರುತ್ತವೆ. ಹಳೆಯದರಲ್ಲಿ ಜಾರಿಕೆ, ಇದರಲ್ಲಿ ಉರುಳಿಕೆ. ಆದುದರಿಂದ ಕೈಗೆ ಹಗುರ, ಸವೆತವೂ ಕಡಿಮೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ ಇದ್ದುದು ಈ ಬಗೆಯದು. ಅದಕ್ಕೂ ಪಾಟಾ ಸ್ಪ್ರಿಂಗು, ಇಡಿಯ ಅಚ್ಚು ಇರುವುದರಿಂದ ಹಳೆ ಜೀಪಿನವರ ಕಣ್ಣು ಅದರ ಮೇಲೆ ಬೀಳುವುದು ಸಹಜ. ಕಾರುಗಳಲ್ಲಿರುವ ರ‍್ಯಾಕ್ ಮಾದರಿಯದು ಇಡಿಯ ಅಚ್ಚಿನ ಜೀಪಿಗೆ ಸುಲಭವಾಗಿ ಹೊಂದುವುದಿಲ್ಲ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಮೂಲೆಗೆ ಎಸೆಯುವುದು ಬೇಡ.

ಪೆಟ್ಟಿಗೆ ಕೂರಿಸುವ ಜಾಗ ಎಲ್ಲಕ್ಕಿಂತ ಮುಖ್ಯ. ಜೀಪಿನ ಚೆಸ್ಸಿ ದಪ್ಪ ತೊಲೆಯಲ್ಲ, ಮಡಿಚಿದ ಉಕ್ಕಿನ ಪಟ್ಟಿ. ಅದಕ್ಕೆ ನೇರವಾಗಿ ತೂತು ಕೊರೆದು ಬೋಲ್ಟು ಬಿಗಿದರೆ ಪಟ್ಟಿ ಚಪ್ಪಟೆಯಾಗುತ್ತದೆ, ಕೆಲ ತಿಂಗಳಲ್ಲಿ ಬಿರಿಯುತ್ತದೆ. ಒಳಗೆ ನಳಿಗೆ ತೂರಿಸಿ, ಹೊರಗೆ ದಪ್ಪ ಪ್ಲೇಟು ಕೊಟ್ಟು, ನಳಿಗೆಯ ಮೂಲಕ ಬೋಲ್ಟು ಹಾಯಿಸಬೇಕು. ಪವರ್ ಸ್ಟೇರಿಂಗ್ ಆದರಂತೂ ಇದು ಬಿಡುವಂತೆಯೇ ಇಲ್ಲ. ಎಣ್ಣೆಯ ಒತ್ತಡ ಗಾಲಿಯನ್ನು ದೂಡುವಷ್ಟೇ ಜೋರಾಗಿ ಚೆಸ್ಸಿಯನ್ನೂ ದೂಡುತ್ತದೆ.

ಎರಡನೆಯದು ಡ್ರ್ಯಾಗ್ ಲಿಂಕಿನ ಓರೆ. ತಗ್ಗಿಗೆ ಬಿದ್ದಾಗ ಅಚ್ಚು ಮೇಲೆ ಕೆಳಗೆ ಆಡುತ್ತದೆ. ಪೆಟ್ಟಿಗೆ ಮಾತ್ರ ಚೆಸ್ಸಿಯ ಮೇಲೆ ಸ್ಥಿರವಾಗಿ ಇರುತ್ತದೆ. ಇವೆರಡನ್ನು ಕೂಡಿಸುವ ಸಲಾಕೆ ವಿಪರೀತ ಓರೆಯಾಗಿದ್ದರೆ, ಪ್ರತಿಯೊಂದು ಕುಣಿಗೂ ಗಾಲಿ ತಾನಾಗಿಯೇ ಹೊರಳುತ್ತದೆ. ರಾಮದುರ್ಗದ ಕಡೆಯ ಕಲ್ಲು ದಾರಿಗಳಲ್ಲಿ ಇಂಥ ಗಾಡಿ ಹೊಡೆದವನಿಗೆ ಸಂಜೆಗೆ ರಟ್ಟೆ ಬಿದ್ದುಹೋಗುತ್ತವೆ. (ಹಳೆಯ ಡ್ರೈವರುಗಳು ಹೆಬ್ಬೆರಳನ್ನು ಚಕ್ರದ ಒಳಗೆ ಸುತ್ತದೆ ಮೇಲೆಯೇ ಇಟ್ಟುಕೊಳ್ಳುವುದು ಶೋಕಿಗಲ್ಲ. ಗಾಲಿ ಕಲ್ಲಿಗೆ ಬಡಿದು ಚಕ್ರ ಗಿರ್ರನೆ ತಿರುಗಿದರೆ ಹೆಬ್ಬೆರಳು ಮುರಿದೀತೆಂದು.)

ಮೂರನೆಯದನ್ನು ಕೇಳಿದರೆ ನಗು ಬರುತ್ತದೆ, ಆಮೇಲೆ ಬೆವರು. ಬೇರೆ ಗಾಡಿಯ ಪೆಟ್ಟಿಗೆಯನ್ನು ಹಿಂದುಮುಂದಾಗಿ ಕೂರಿಸಿದರೆ ಬಲಕ್ಕೆ ತಿರುವಿದಾಗ ಜೀಪು ಎಡಕ್ಕೆ ಹೋಗುತ್ತದೆ! ವೆಲ್ಡಿಂಗ್ ಮಾಡುವ ಮೊದಲು ಕ್ಲ್ಯಾಂಪಿನಲ್ಲಿ ಹಿಡಿಸಿ, ಗಾಲಿ ಎತ್ತಿ, ಎರಡೂ ಕಡೆ ಪೂರ್ತಿ ತಿರುವಿ ನೋಡುವುದು ಇದಕ್ಕಾಗಿಯೇ. ಅಚ್ಚಿನ ಮೇಲಿರುವ ಸ್ಟಾಪರ್ ಮೊದಲು ತಾಗಬೇಕು, ಪೆಟ್ಟಿಗೆಯ ಒಳಗಿನ ಕೊನೆ ಅಲ್ಲ.

ಇನ್ನು ವೆಲ್ಡಿಂಗ್. ಟೈರಾಡು ಗಿಡ್ಡಾಯಿತೆಂದು ತುಂಡು ಜೋಡಿಸುವುದು, ಪಿಟ್‌ಮ್ಯಾನ್ ತೋಳನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವುದು, ಇದಕ್ಕೆ ಕೆಲವರು ಕೈಚಳಕ ಎನ್ನುತ್ತಾರೆ. ಬಡಿದು ಹದ ಮಾಡಿದ ಉಕ್ಕಿನ ತೋಳು ಒಮ್ಮೆ ಕೆಂಪಗಾದರೆ ಅದರ ಹದ ಹೋಯಿತು. ಕಮ್ಮಾರನ ಮಗನಿಗೂ ಗೊತ್ತಿರುವ ಈ ಸಂಗತಿ ಗ್ಯಾರೇಜಿಗೆ ಬಂದಾಗ ಮರೆತುಹೋಗುವುದು ಹೇಗೆ? ಅಳತೆಗೆ ತಕ್ಕ ತೋಳು ಹುಡುಕಿ ತರಬೇಕು. ಸಿಗುವ ತನಕ ಗಾಡಿ ಶೆಡ್ಡಿನಲ್ಲಿ ನಿಲ್ಲಲಿ.

ಪವರ್ ಸ್ಟೇರಿಂಗಿಗೆ ಇಂಜಿನ್ನಿನ ಬೆಲ್ಟಿನಿಂದ ಪಂಪು ತಿರುಗಬೇಕು. ಇಂಜಿನ್ ಬಂದಾದರೆ ಪಂಪೂ ಬಂದು. ಆಗ ಚಕ್ರ ಕಲ್ಲಿನಷ್ಟು ಭಾರ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಇಂಜಿನ್ ಬಂದ್ ಮಾಡುವ ಹಳೆ ಚಟ ಇದ್ದವರು ಪವರ್ ಸ್ಟೇರಿಂಗಿನ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಕಾಯದೆ ಏನೆನ್ನುತ್ತದೆ?

ಇಲ್ಲಿಯೇ ತೊಡಕಿರುವುದು. 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮು, ತಯಾರಕರು ಮೂಲತಃ ನಮೂದಿಸಿದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲಕನಿಗೆ 5,000 ರೂಪಾಯಿ ದಂಡ ಇಲ್ಲವೆ ಆರು ತಿಂಗಳ ತನಕ ಸೆರೆವಾಸ, ಇಲ್ಲವೆ ಎರಡೂ.

2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು 50 ವರ್ಷ ದಾಟಿದ ಗಾಡಿಗಳಿಗೆ ಬೇರೆ ನೋಂದಣಿಯನ್ನೇ ಕೊಟ್ಟಿವೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಗಾಡಿ ಮೂಲರೂಪದಲ್ಲಿರಬೇಕು. ಚೆಸ್ಸಿ, ಬಾಡಿ, ಇಂಜಿನ್‌ಗಳ ದೊಡ್ಡ ಮಾರ್ಪಾಡು ಸಲ್ಲದು. ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಬಿಟ್ಟರೆ ದಿನನಿತ್ಯದ ಓಡಾಟಕ್ಕೆ ಅಲ್ಲ. ಅಂದರೆ ಹೊಲಕ್ಕೂ ಸಂತೆಗೂ ಹೋಗಬೇಕೆನ್ನುವವನಿಗೆ ಅದರಿಂದ ಉಪಯೋಗವಿಲ್ಲ. ಪೆಟ್ಟಿಗೆಗಾಗಿ ಚೆಸ್ಸಿ ಕೊರೆದವನು ನಾಳೆ ವಿಂಟೇಜ್ ಬೇಕೆಂದು ಹೋದರೆ ಏನುತ್ತರ ಬಂದೀತು ಎಂಬುದನ್ನು ಕೊರೆಯುವ ಮುಂಚೆಯೇ ಯೋಚಿಸಬೇಕು.

ಸವೆದ ಸ್ಟೇರಿಂಗ್ ಇಟ್ಟುಕೊಂಡರೆ 98ನೆಯ ನಿಯಮ ಅಡ್ಡ. ಬದಲಿಸಿದರೆ 52ನೆಯ ಕಲಮು ಅಡ್ಡ. ನಡುವೆ ಉಳಿಯುವ ದಾರಿ ಎಂದರೆ ಇದ್ದುದನ್ನೇ ಇದ್ದ ಮಾದರಿಯಲ್ಲಿ ಹೊಸದು ಮಾಡುವುದು. ಬೇರೆ ಗಾಡಿಯ ಪೆಟ್ಟಿಗೆ ಹಾಕಲೇಬೇಕೆನ್ನುವವರು ಕೆ.ಎ.24ರ ಬೈಲಹೊಂಗಲ ಸಾರಿಗೆ ಕಚೇರಿಯಲ್ಲಿ ಮುಂಚಿತವಾಗಿ ಲಿಖಿತ ಅರ್ಜಿ ಕೊಟ್ಟು, ಉತ್ತರವನ್ನೂ ಲಿಖಿತವಾಗಿಯೇ ಪಡೆಯತಕ್ಕದ್ದು. ಬಾಯಿಮಾತಿನ 'ನಡೀತೈತಿ ಹೋಗ್ರಿ' ಅಪಘಾತವಾದ ದಿನ ವಿಮೆಯವರ ಮುಂದೆ ಕವಡೆ ಕಿಮ್ಮತ್ತಿಲ್ಲದ್ದು.

ಬನದ ಹುಣ್ಣಿವೆ, ಭಾರತ ಹುಣ್ಣಿವೆಗೆ ಸವದತ್ತಿಯ ಗುಡ್ಡದ ದಾರಿ ಚಕ್ಕಡಿ, ಟ್ರ್ಯಾಕ್ಟರು, ನಡೆದು ಬರುವ ಭಕ್ತರಿಂದ ತುಂಬಿ ಹರಿಯುತ್ತದೆ. ಮಕ್ಕಳು ಮರಿ, ತಲೆಯ ಮೇಲೆ ಜಗ ಹೊತ್ತ ಹೆಂಗಸರು ರಸ್ತೆಯ ಅಂಚಿಗೇ ನಡೆದಿರುತ್ತಾರೆ. ಆ ಜನರ ನಡುವೆ ಜೀಪು ಒಯ್ಯುವವರು ಹಿಂದಿನ ದಿನ ಗಾಡಿಯ ಕೆಳಗೆ ಒಮ್ಮೆ ತೂರಿ ನೋಡಲಿ. ಟೈರಾಡಿನ ತುದಿಗಳಲ್ಲಿ ಕಿರೀಟದಂಥ ನಟ್ಟು ಇರುತ್ತದೆ, ಅದರಲ್ಲಿ ಅಡ್ಡಲಾಗಿ ಒಂದು ಸಣ್ಣ ಕಟ್‌ಪಿನ್. ಎಷ್ಟೋ ಜೀಪುಗಳಲ್ಲಿ ಆ ಜಾಗದಲ್ಲಿ ಬೇಲಿಯ ತಂತಿ ಇರುತ್ತದೆ, ಇಲ್ಲವೆ ಏನೂ ಇರುವುದಿಲ್ಲ.